ಹಸಿದ ತಗಡು

ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಹೊಟ್ಟೆಯ ಬಗ್ಗೆ ಇಷ್ಟು ಕಾಳಜಿ ಇರುವವರು ಸಿಕ್ಕಿಬಿಟ್ಟರಲ್ಲ ಎಂದು ನಾನು ಕರಗಿಹೋದದ್ದು ನಿಜ.

ಬೆಳಿಗ್ಗೆ ಹತ್ತೂವರೆ. ಸಾಹುಕಾರರು “ಹಿಂದುಗಡೆ ಕತ್ತಲಕೋಣೆ ಇದೆ, ಅಲ್ಲಿ ಅಕ್ಕ ಇರ್ತಾರೆ, ಹೋಗಿ ಮಾತಾಡಿಸ್ಕೊಂಡು ಬಾ” ಎಂದು ಕಳಿಸಿದ್ದರು. ಓಣಿಯಂಥ ಜಾಗದ ಕೊನೆಯಲ್ಲಿ ಕಪ್ಪು ಬಣ್ಣ ಬಳಿದ ಬಾಗಿಲು. ತಟ್ಟಿದೆ. ಒಳಗಿನಿಂದ ಹೆಂಗಸಿನ ದನಿ ಬಂತು.

“ಊಟ ಆಯ್ತಾ?”

ಹತ್ತೂವರೆಗೆ ಯಾರು ಊಟ ಮಾಡುತ್ತಾರೆ? ಆದರೂ ಕೇಳಿದವರಿಗೆ ಸರಿಯಾಗಿ ಉತ್ತರ ಕೊಡಬೇಕಲ್ಲ. “ಇಲ್ಲಕ್ಕ, ಬರೀ ಟೀ ಕುಡಿದು ಬಂದೆ. ರೂಮಲ್ಲಿ ಗ್ಯಾಸ್ ಮುಗಿದಿದೆ. ಮಧ್ಯಾಹ್ನಕ್ಕೆ ಎಲ್ಲಾದ್ರೂ ನೋಡ್ಕೋತೀನಿ. ನಿಮ್ದಾಯ್ತಾ?”

ಒಳಗಿನಿಂದ ಮತ್ತೆ, “ಎಷ್ಟು ನಿಮಿಷ?”

“ಟೀ ಕುಡಿದಾ? ಒಂದು ನಲವತ್ತು ನಿಮಿಷ ಆಗಿರಬಹುದು.”

“ಯಾವ ದೀಪದ ಕೆಳಗೆ?”

ಟೀ ಅಂಗಡಿಯಲ್ಲಿ ದೀಪ ಇರಲಿಲ್ಲ, ಬಿಸಿಲಿತ್ತು. ಹಾಗೆಂದೇ ಹೇಳಿದೆ.

“ಬಿಸಿಲಲ್ಲಾ? ಬಿಸಿಲಿನ ಊಟ ನಮ್ಮಲ್ಲಿ ನಡಿಯಲ್ಲ ಅಂತ ಎಷ್ಟು ಸಲ ಹೇಳೋದು! ವಾಪಸ್ ತಗೊಂಡು ಹೋಗು ಆ ತಗಡನ್ನ!”

ನನ್ನ ಶಾಲೆಯ ಲೆಕ್ಕದ ಮೇಷ್ಟ್ರು ನನ್ನನ್ನು ಹತ್ತು ವರ್ಷ ‘ತಗಡು’ ಎಂದೇ ಕರೆದಿದ್ದರು. ಆ ಹೆಸರು ನನಗಿಂತ ಮೊದಲೇ ಇಲ್ಲಿಗೂ ಬಂದು ಕೂತಿದೆ, ಮೊದಲ ದಿನವೇ ನನ್ನನ್ನು ಮನೆಗೆ ಕಳಿಸುತ್ತಿದ್ದಾರೆ ಎಂದುಕೊಂಡೆ. ಸಮಜಾಯಿಷಿ ಕೊಡೋಣವೆಂದು ಬಾಗಿಲು ತಳ್ಳಿದೆ. ಓಣಿಯ ಟ್ಯೂಬ್‌ಲೈಟಿನ ಬೆಳಕು ನನಗಿಂತ ಮುಂಚೆ ಒಳಗೆ ನುಗ್ಗಿತು.

“ಮುಚ್ಚೋ ಬಾಗಿಲು!”

ಹೀಗೆ ನಾನು ಒಕ್ಕಣ್ಣಕ್ಕನ ಇಪ್ಪತ್ತು ನಿಮಿಷಗಳನ್ನು ತಿಂದು ಹಾಕಿದೆ. ಖಾಲಿ ಹೊಟ್ಟೆಯಲ್ಲಿದ್ದೆನಲ್ಲ.

ನಮ್ಮದು ಕತ್ತಲಲ್ಲಿ ಬೆಳಗುವ ಫಲಕಗಳನ್ನು ಮಾಡುವ ಸಣ್ಣ ಕಾರ್ಖಾನೆ. ದೊಡ್ಡ ಕಟ್ಟಡಗಳ ಮೆಟ್ಟಿಲ ಬಳಿ, ಓಡುವ ಮನುಷ್ಯನ ಚಿತ್ರವೋ ಬಾಣದ ಗುರುತೋ ಇರುವ ಮಾಸಲು ಹಳದಿ ಫಲಕ ನೋಡಿರುತ್ತೀರಿ. ನೋಡಿರುವುದಿಲ್ಲ ಎನ್ನಿ, ದೀಪ ಇರುವಷ್ಟು ಹೊತ್ತು ಅದನ್ನು ಯಾರೂ ನೋಡುವುದಿಲ್ಲ. ತಗಡಿನ ಮೇಲೆ ಒಂದು ಬಗೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಬೆಳಕು ಬಿದ್ದಾಗ ಆ ಪುಡಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ದೀಪ ಆರಿದ ಮೇಲೆ ಹಸಿರಾಗಿ ವಾಪಸ್ ಕೊಡುತ್ತದೆ. ಮೊದಲ ಹತ್ತು ನಿಮಿಷ ಧಾರಾಳವಾಗಿ, ಆಮೇಲೆ ಜಿಪುಣನ ಹಾಗೆ ತೊಟ್ಟುತೊಟ್ಟಾಗಿ. ಹೊಗೆ ತುಂಬಿದಾಗಲೋ ಕರೆಂಟು ಹೋದಾಗಲೋ ಜನ ಅದನ್ನು ನೋಡಿಕೊಂಡು ಮೆಟ್ಟಿಲಿಳಿದು ಹೊರಗೆ ಬರಬೇಕು.

ತಗಡಿಗೆ ಬೆಳಕು ತೋರಿಸುವುದಕ್ಕೆ ನಾನು ಓದಿದ ಪುಸ್ತಕದಲ್ಲಿ ಬಾಯಿ ತುಂಬುವ ಹೆಸರಿದೆ. ಇಲ್ಲಿ ಅದು ಬರೀ ‘ಊಟ’. ಗೊತ್ತಾದ ಬಿಳಿ ದೀಪದ ಕೆಳಗೆ ಐದು ನಿಮಿಷ ಇಟ್ಟರೆ ಊಟ ಆಯಿತು. ಕೆಂಪು ದೀಪದ ಕೆಳಗೆ ದಿನವಿಡೀ ಇಟ್ಟರೂ ಆಗಲಿಲ್ಲ; ಅದು ಊಟದ ಹೊತ್ತಿಗೆ ಬಂದವರಿಗೆ ನೀರು ಕೊಟ್ಟು ಕಳಿಸಿದ ಹಾಗೆ. ಬಿಸಿಲಿನ ಊಟ ಹಬ್ಬದ ಊಟ, ಅದರಿಂದ ತಗಡಿನ ನಿಜವಾದ ಯೋಗ್ಯತೆ ತಿಳಿಯುವುದಿಲ್ಲ. ಬೆಳಕು ಕಾಣದೆ ಡಬ್ಬದಲ್ಲಿ ಬಿದ್ದದ್ದು ‘ಹಸಿದ ತಗಡು’. ಅದನ್ನು ಕತ್ತಲಿಗೆ ತಂದರೆ ಕತ್ತಲಿನಷ್ಟೇ ಕಪ್ಪು.

ಅಕ್ಕನ ಕೆಲಸ ಕತ್ತಲಲ್ಲಿ ಕೂತು ನೋಡುವುದು. ಊಟವಾದ ತಗಡು ಎಷ್ಟು ಹೊತ್ತು ಕಣ್ಣಿಗೆ ಕಾಣುತ್ತದೆ ಎಂದು ಹೇಳಿ, ಬೆನ್ನ ಮೇಲೆ ನಂಬರು ಬರೆದು ತನ್ನ ಗುರುತು ಹಾಕುವುದು. ಕೇಳುವುದಕ್ಕೆ ಸುಲಭ. ಆದರೆ ಹೊರಗಿನಿಂದ ಬಂದ ಕಣ್ಣು ಕತ್ತಲಲ್ಲಿ ಇಪ್ಪತ್ತು ನಿಮಿಷ ಕುರುಡು. ನಿಧಾನವಾಗಿ ಬಲಿಯಬೇಕು. ಬಲಿತ ಕಣ್ಣಿನ ಮೇಲೆ ಒಂದೇ ಒಂದು ಸಲ ಬೆಳಕು ಬಿದ್ದರೂ ಮತ್ತೆ ಮೊದಲಿನಿಂದ. ಅದಕ್ಕೇ ಅಕ್ಕ ಟೀಗೆ ಹೊರಗೆ ಬರುವಾಗ ಒಂದು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಬರುತ್ತಿದ್ದರು. ಒಂದು ಕಣ್ಣು ಲೋಕಕ್ಕೆ, ಇನ್ನೊಂದು ಕೆಲಸಕ್ಕೆ. ಹೆಸರೂ ಹಾಗೇ ಬಂದದ್ದು. ನಾನು ಮೊದಲ ವಾರ ಅಯ್ಯೋ ಪಾಪ ಎಂದುಕೊಂಡು ಅವರಿಗೆ ಬಾಗಿಲು ತೆರೆಯುವುದು, ಕುರ್ಚಿ ಎಳೆದು ಕೊಡುವುದು ಎಲ್ಲ ಮಾಡಿದೆ. ಎರಡನೇ ವಾರ ಬಟ್ಟೆ ಎಡಗಣ್ಣಿನಿಂದ ಬಲಗಣ್ಣಿಗೆ ಹೋಯಿತು. ನನ್ನ ಮುಖ ನೋಡಿ ಪ್ಯಾಕಿಂಗ್ ಚಿಕ್ಕಮ್ಮನಿಗೆ ಟೀ ಮೂಗಿಗೆ ಹತ್ತಿತು.

“ಏನ್ರೀ ಮೀಟರಪ್ಪ, ಕುರ್ಚಿ ಎಳೆಯಲ್ವಾ ಇವತ್ತು?”

ನನ್ನ ಹೆಸರು ಹಾಗೆ ಮೀಟರಪ್ಪ ಆಯಿತು. ಯಾಕೆಂದರೆ ನಾನು ಬಂದದ್ದೇ ಮೀಟರಿನ ಜೊತೆ. ಅಂಗೈಯಷ್ಟು ದೊಡ್ಡ ಯಂತ್ರ, ಒಂದು ಗಾಜಿನ ಕಣ್ಣು, ಒಂದು ಅಂಕಿಯ ಪರದೆ. ಅದನ್ನು ತಗಡಿನ ಮೇಲೆ ಇಟ್ಟರೆ ಬೆಳಕು ಎಷ್ಟಿದೆ ಎಂದು ಹೇಳುತ್ತದೆ. ಅದಕ್ಕೆ ಕಣ್ಣು ಬಲಿಯಬೇಕಾಗಿಲ್ಲ, ಟೀ ಬೇಕಾಗಿಲ್ಲ. ಇನ್ನೂರು ತಗಡುಗಳನ್ನು ಅಕ್ಕನೂ ನೋಡಬೇಕು, ಮೀಟರೂ ನೋಡಬೇಕು. ಎರಡೂ ಒಂದೇ ಹೇಳಿದರೆ ಅಕ್ಕ ಪ್ಯಾಕಿಂಗಿಗೆ ಹೋಗಬೇಕು, ಕತ್ತಲಕೋಣೆ ಉಗ್ರಾಣ ಆಗಬೇಕು. ಇದು ಸಾಹುಕಾರರ ಲೆಕ್ಕಾಚಾರ. ಅದನ್ನು ಜಾರಿಗೆ ತರುವ ಮಹಾಪುರುಷ ನಾನು. ಅಕ್ಕನಿಗೆ ಇದು ಗೊತ್ತಿತ್ತು. ಅವರಿಗೆ ಗೊತ್ತಿದೆ ಎನ್ನುವುದು ನನಗೊಬ್ಬನಿಗೇ ಬಹಳ ದಿನ ಗೊತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ.

ಅಕ್ಕನಿಗೆ ಆಗ ಐವತ್ತಮೂರು. ಹತ್ತೊಂಬತ್ತನೇ ವಯಸ್ಸಿಗೆ ಪ್ಯಾಕಿಂಗಿಗೆ ಸೇರಿದವರು. ಒಂದು ದಿನ ಕರೆಂಟು ಹೋದಾಗ ಎಲ್ಲರೂ ಕೈ ಕಟ್ಟಿ ಕೂತಿದ್ದರೆ ಇವರು ಮಾತ್ರ ಡಬ್ಬ ಕಟ್ಟುತ್ತಲೇ ಇದ್ದರಂತೆ. ಈಗಿನ ಸಾಹುಕಾರರ ಅಪ್ಪ, ದೊಡ್ಡ ಸಾಹುಕಾರರು, “ಈ ಹುಡುಗಿ ಕಣ್ಣಲ್ಲಿ ಬೆಕ್ಕು ಇದೆ” ಎಂದು ಎಬ್ಬಿಸಿಕೊಂಡು ಹೋಗಿ ಕತ್ತಲಕೋಣೆಯಲ್ಲಿ ಕೂರಿಸಿದರು. ಅಲ್ಲಿಂದ ಈಚೆಗೆ ದಿನಕ್ಕೆ ಆರು ಗಂಟೆ ಕತ್ತಲು. ಮದುವೆ ಆಯಿತು, ಮಗಳು ಹುಟ್ಟಿದಳು, ಮಗಳು ದೊಡ್ಡವಳಾಗಿ ಬೇರೆ ಊರಿನಲ್ಲಿ ನರ್ಸಾದಳು. ಅಷ್ಟೂ ಕಾಲ ಇವರು ಹಗಲು ಹೊತ್ತಿನಲ್ಲಿ ಸೂರ್ಯನನ್ನು ಕಂಡದ್ದು ರಜಾದಿನಗಳಲ್ಲಿ ಮಾತ್ರ.

ಒಟ್ಟಿಗೆ ಕೆಲಸ ಶುರುವಾದ ಮೇಲೆ ನಾನೂ ದಿನಾ ಒಳಗೆ ಕೂರತೊಡಗಿದೆ. ಒಂದು ಬೆಂಚು, ಎರಡು ಕುರ್ಚಿ, ಗೋಡೆಗೆ ಕಬ್ಬಿಣದ ಕಪಾಟು. ಗಡಿಯಾರ ನೋಡುವುದಕ್ಕೆ ಮಾತ್ರ ಒಂದು ಪುಟ್ಟ ಕೆಂಪು ದೀಪ. ಕೆಂಪು ಬೆಳಕಿಗೆ ಬಲಿತ ಕಣ್ಣು ಕೆಡುವುದಿಲ್ಲ. ಮೊದಲ ದಿನ ನಾನು ಕಣ್ಣು ಕಿತ್ತುಬರುವ ಹಾಗೆ ತಗಡನ್ನೇ ದಿಟ್ಟಿಸುತ್ತಿದ್ದೆ. ಅರ್ಧ ಗಂಟೆಗೆ ಅದು ಮಾಯವಾಯಿತು.

“ಆರಿಹೋಯ್ತಕ್ಕ.”

“ಇಲ್ಲ. ನೇರ ನೋಡ್ತಿದೀಯ, ಅದಕ್ಕೇ ಕಾಣಲ್ಲ. ಪಕ್ಕದ ಗೋಡೆ ನೋಡು, ಇದನ್ನ ಓರೆಗಣ್ಣಲ್ಲಿ ಹಿಡಿ.”

ಗೋಡೆ ನೋಡಿದೆ. ಕಣ್ಣಂಚಿನಲ್ಲಿ ತಗಡು ಮೆಲ್ಲಗೆ ಎದ್ದು ಬಂತು, ಬಣ್ಣವಿಲ್ಲದ ಬೂದಿಯ ಹಾಗೆ. ಅದರ ಕಡೆ ತಿರುಗಿದೆ, ಮತ್ತೆ ಇಲ್ಲ.

“ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅನ್ನೋದು ಸುಮ್ನೆ ಅಲ್ಲ ಕಣಪ್ಪ” ಎಂದರು. “ಕೆಲವನ್ನ ನೇರ ನೋಡೋಕೆ ಹೋಗಬಾರದು.”

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವ ಕೆಲಸ ಎಂದು ನಾನು ಊರಿಗೆ ಫೋನು ಮಾಡಿ ಅಮ್ಮನಿಗೆ ಹೇಳಿದ್ದೆ. ಅಮ್ಮ ಅದನ್ನು ನಂಬಿ ಯಾವ ಎಣ್ಣೆ ಎಂದು ಕೇಳಿದ್ದಳು. ನಮ್ಮ ಮನೆಯಲ್ಲಿ ತಗಡು ವಂಶಪಾರಂಪರ್ಯ.

ನೂರ ನಲವತ್ತು ತಗಡುಗಳವರೆಗೆ ಅಕ್ಕ ಮತ್ತು ಮೀಟರು ಒಂದೇ ಮಾತು ಹೇಳಿದರು. ನೂರ ನಲವತ್ತೊಂದನೆಯದಕ್ಕೆ ಜಗಳ ಬಂತು. ಮೀಟರು ಪಾಸು ಎಂದಿತು, ಅಕ್ಕ ಫೇಲು ಎಂದರು. ನನ್ನೊಳಗಿನ ಓದಿದವನು ಎದ್ದು ಕೂತ.

“ಅಕ್ಕ, ಅಂಕಿ ಸುಳ್ಳು ಹೇಳಲ್ಲ.”

“ಅಂಕಿ ಹೇಳಲ್ಲಪ್ಪ, ಕೈ ಹೇಳುತ್ತೆ. ತಗಡು ನೋಡು.”

ಓರೆಗಣ್ಣಲ್ಲಿ ನೋಡಿದೆ. ತಗಡಿನ ಮೇಲೆ ಐದು ಬೆರಳು. ಚಳಿಯ ದಿನವಾದ್ದರಿಂದ ನಾನು ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದ ಕೈಯಿಂದ ಅದನ್ನು ಅಡಿಯಿಂದ ಹಿಡಿದು ಅಳೆದಿದ್ದೆ. ಬಿಸಿ ತಗುಲಿದ ಕಡೆ ಆ ಪುಡಿ ತಾನು ಕೂಡಿಟ್ಟದ್ದನ್ನು ಆತುರದಲ್ಲಿ ಚೆಲ್ಲಿಬಿಡುತ್ತದೆ. ಒಂದೆರಡು ನಿಮಿಷ ಜೋರಾಗಿ ಬೆಳಗಿ ಉಳಿದದ್ದಕ್ಕಿಂತ ಬೇಗ ಬರಿದಾಗುತ್ತದೆ. ನನ್ನ ಮೀಟರು ಅಳೆದದ್ದು ತಗಡನ್ನಲ್ಲ, ನನ್ನ ಅಂಗೈಯನ್ನು. ಹತ್ತು ನಿಮಿಷಕ್ಕೆ ಆ ಐದು ಬೆರಳು ಕಪ್ಪಾದವು. ಮತ್ತೆ ಊಟ ಹಾಕಿ ಅಂಚು ಹಿಡಿದು ತಂದು ಅಳೆದಾಗ ಫೇಲು.

“ಯಂತ್ರಕ್ಕೆ ಕಣ್ಣಿದೆ, ಮರ್ಯಾದೆ ಇಲ್ಲ. ಯಾರು ಮುಟ್ಟಿದ್ರೂ ಹಲ್ಲು ಕಿರಿಯುತ್ತೆ” ಎಂದರು ಅಕ್ಕ. ನಾನು ನಕ್ಕೆ. ಅವರೂ ನಕ್ಕರು. ಕತ್ತಲಲ್ಲಿ ಒಬ್ಬರು ನಕ್ಕದ್ದು ಬಹಳ ಹತ್ತಿರದಿಂದ ಕೇಳಿಸುತ್ತದೆ.

ಈ ಸಲಿಗೆಯಲ್ಲೇ ನಾನು ಮಾಡಬಾರದ ಕೆಲಸ ಮಾಡಿದೆ. ಪಟ್ಟಿ ಬರೆಯುವಾಗ ಕಪಾಟಿನ ಕೆಳಗಿನ ಖಾನೆಯಲ್ಲಿ ಕಪ್ಪು ಬಟ್ಟೆಯಲ್ಲಿ ಸುತ್ತಿದ ಒಂದು ತಗಡು ಕೈಗೆ ಸಿಕ್ಕಿತು. ಅಂಚಿನಲ್ಲಿ ಮೊಳೆ ಹೊಡೆದ ತೂತುಗಳು. ಬೆನ್ನ ಮೇಲೆ ಬೆರಳಾಡಿಸಿದರೆ ಗೀರಿದ ನಂಬರು, ಅದರ ಪಕ್ಕ ಅಕ್ಕನ ಗುರುತು, ಒಂದು ಗೆರೆ ಒಂದು ಚುಕ್ಕಿ.

“ಅಕ್ಕ, ಇದು ಯಾವ ಲಾಟು? ಗೋಡೆಯಿಂದ ಕಿತ್ತ ಹಾಗಿದೆ.”

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಒಂದು ಕೈ ಬಂದು, ತಡಕಾಡದೆ ಸೀದಾ ಬಂದು, ನನ್ನ ಕೈಯಿಂದ ಅದನ್ನು ತೆಗೆದುಕೊಂಡಿತು.

“ಅದು ಲೆಕ್ಕದಲ್ಲಿಲ್ಲ.”

ಮಧ್ಯಾಹ್ನ ಪ್ಯಾಕಿಂಗ್ ಚಿಕ್ಕಮ್ಮ ನನ್ನನ್ನು ಹಿಡಿದುಕೊಂಡರು. ಡಬ್ಬಕ್ಕೆ ಟೇಪು ಎಳೆಯುತ್ತಲೇ ಮಾತಾಡುವುದು ಅವರ ರೂಢಿ. ಟೇಪು ಹರಿದಾಗ ಒಂದು ವಾಕ್ಯ ಮುಗಿದಿರುತ್ತದೆ.

“ಆ ತಗಡು ಮುಟ್ಟಿದ್ರಂತೆ? ನಿಮಗೆ ಬುದ್ಧಿ ಯಾವ ಮೀಟರಲ್ಲಿ ಅಳೀಬೇಕೋ.” ಟೇಪು ಚರ್ರೆಂದಿತು. “ಅವಳ ಗಂಡನ್ನ ತಿಂದ ತಗಡು ಅದು.”

ಚಿಕ್ಕಮ್ಮ ಹೇಳಿದ್ದು, ಆಮೇಲೆ ಅಕ್ಕನೇ ಹೇಳಿದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಅಕ್ಕನ ಗಂಡ ಒಂದು ಎಂಟು ಮಹಡಿಯ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದರು. ನಾನು ಅವರನ್ನು ನೋಡಿಲ್ಲ. ಆದರೆ ಅಕ್ಕನನ್ನು ಅಕ್ಕ ಎಂದ ಮೇಲೆ ಅವರು ನನಗೆ ಭಾವ. ಭಾವ ಮಾತಿನ ಮಲ್ಲ. “ನಾನು ಜೀವನದಲ್ಲಿ ಎಷ್ಟು ಸಲ ಮೇಲೆ ಹೋದೆನೋ ಅಷ್ಟು ಸಲ ಕೆಳಗೂ ಬಂದಿದ್ದೀನಿ” ಎನ್ನುವುದು ಅವರು ದಿನಾ ಹೇಳುತ್ತಿದ್ದ ತಮಾಷೆ. ಆ ಕಟ್ಟಡಕ್ಕೆ ನಮ್ಮ ಫಲಕಗಳನ್ನು ಹಾಕಿಸಿದ್ದೂ ಅವರೇ, ಅಲ್ಲಿನ ಮ್ಯಾನೇಜರನ್ನು ಆರು ತಿಂಗಳು ಕಾಡಿ. ಹಾಕಿದ ಮೇಲೆ ಅವರ ಸಂಭ್ರಮ ನೋಡಬೇಕಿತ್ತಂತೆ. ಲಿಫ್ಟಿಗೆ ಹೊಸಬರು ಬಂದರೆ ಸಾಕು, ಮೂರನೇ ಮಹಡಿಯಲ್ಲಿ ನಿಲ್ಲಿಸಿ ಮೆಟ್ಟಿಲ ಬಾಗಿಲು ತೆರೆದು, ದೀಪ ಆರಿಸಿ ತೋರಿಸುತ್ತಿದ್ದರು. “ನೋಡಿ, ನಮ್ಮ ಮನೆಯೋಳು ಪಾಸ್ ಮಾಡಿದ್ದು. ಬೆನ್ನ ಮೇಲೆ ಅವಳ ರುಜು ಇದೆ.” ಕೆಲಸಕ್ಕೆ ತಡವಾದ ಗುಮಾಸ್ತರು ಹಲ್ಲು ಕಡಿಯುತ್ತಾ ನಿಂತು ನೋಡುತ್ತಿದ್ದರು.

ಒಂದು ಮಧ್ಯಾಹ್ನ ಮೂರೂಕಾಲಿಗೆ ಕರೆಂಟು ಹೋಯಿತು. ಲಿಫ್ಟು ಐದನೇ ಮಹಡಿಯ ಹತ್ತಿರ ಸಿಕ್ಕಿಕೊಂಡಿತು, ಒಳಗೆ ಭಾವನ ಜೊತೆ ಮೂರು ಜನ. ಭಾವ ಬಾಗಿಲು ಬಿಡಿಸಿ ತಾವು ಹೇಗೋ ಹತ್ತಿ ಹೊರಗೆ ಬಂದರು. ಮಿಕ್ಕವರನ್ನು ಇಳಿಸುವುದಕ್ಕೆ ಕೈಯಿಂದ ತಿರುಗಿಸುವ ಹಿಡಿಕೆ ಬೇಕು, ಅದು ಕೆಳಗಿನ ಕ್ಯಾಬಿನ್ನಿನಲ್ಲಿತ್ತು. ಮೆಟ್ಟಿಲಿಗೆ ಕಿಟಕಿಗಳಿಲ್ಲ, ಹಗಲು ಮೂರು ಗಂಟೆಗೂ ಅಲ್ಲಿ ಕಗ್ಗತ್ತಲು. ಫೋನಿನ ದೀಪ ಹಾಕಬಹುದಿತ್ತು, ಆದರೆ ಫೋನು ಕೆಳಗೆ ಚಾರ್ಜಿಗೆ ಇಟ್ಟಿತ್ತು. “ಅದು ಊಟಕ್ಕೆ ಕೂತಿತ್ತು” ಎಂದು ಅಕ್ಕ ಒಂದು ಸಲ ಹೇಳಿದರು, ನಗದೆ. ಭಾವ ಫಲಕಗಳನ್ನು ನಂಬಿ ಓಡುತ್ತಾ ಇಳಿದರು. ಮೂರನೇ ಮಹಡಿಯ ತಿರುವಿನಲ್ಲಿ, ಹೊಸಬರಿಗೆಲ್ಲ ತೋರಿಸುತ್ತಿದ್ದ ಆ ಫಲಕದ ಕೆಳಗೆ, ತಿರುವು ಎಲ್ಲಿದೆ ಎಂದು ತಿಳಿಯದೆ ಉರುಳಿ ಬಿದ್ದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಆಮೇಲೆ ವಿಚಾರಣೆ. ಕಟ್ಟಡದವರು ತಗಡು ಕೆಟ್ಟದ್ದು, ಬೆಳಗಲೇ ಇಲ್ಲ ಎಂದರು. ನಮ್ಮ ಸಾಹುಕಾರರು ತಗಡಿಗೆ ಊಟ ಹಾಕದೆ ಕೊಂದಿದ್ದೀರಿ ಎಂದರು. ಯಾಕೆಂದರೆ ಎರಡು ವಾರ ಮೊದಲು ಮೆಟ್ಟಿಲಿನ ದೀಪಗಳನ್ನು ಬದಲಾಯಿಸಿದ್ದರು. ಮೊದಲು ಹಗಲೂ ರಾತ್ರಿ ಉರಿಯುತ್ತಿದ್ದವು, ಈಗ ಮನುಷ್ಯ ಬಂದರೆ ಅರ್ಧ ನಿಮಿಷ ಹತ್ತಿ ಆರುವಂಥವು. ಲಿಫ್ಟು ಇರುವಾಗ ಮೆಟ್ಟಿಲಿಗೆ ಯಾವ ಮನುಷ್ಯ ಬರುತ್ತಾನೆ? ಇವರು ಅವರತ್ತ ಬೆರಳು ಮಾಡಿ, ಅವರು ಇವರತ್ತ ಬೆರಳು ಮಾಡಿ, ಕೊನೆಗೆ ಇಬ್ಬರೂ ಸೇರಿ ‘ಆಕಸ್ಮಿಕ’ ಎಂದು ಬರೆಸಿದರು. ಫಲಕಗಳನ್ನೆಲ್ಲ ಕಿತ್ತು ವಾಪಸ್ ಕಳಿಸಿದರು. ಯಾರೂ ಅವನ್ನು ಕತ್ತಲಲ್ಲಿ ಇಟ್ಟು ನೋಡಲಿಲ್ಲ; ನೋಡಬೇಕಾದವರು ರಜೆಯಲ್ಲಿದ್ದರು, ಗಂಡ ಸತ್ತು. ಮಿಕ್ಕವು ಗುಜರಿಗೆ ಹೋದವು. ಮೂರನೇ ಮಹಡಿಯದನ್ನು ಅಕ್ಕ ಎತ್ತಿಟ್ಟುಕೊಂಡರು.

“ನಾಲ್ಕು ವರ್ಷ ಆಯ್ತು” ಎಂದರು ಚಿಕ್ಕಮ್ಮ. “ಅದಕ್ಕೆ ಊಟ ಹಾಕಿ ಒಂದು ಸಲ ನೋಡಿಬಿಡೇ, ಮನಸ್ಸು ಹಗುರ ಆಗ್ಲಿ ಅಂತ ಎಷ್ಟು ಹೇಳಿದೀನಿ. ನೋಡಲ್ಲ. ಬಿಸಾಡೂ ಅಲ್ಲ. ತನ್ನ ರುಜು ಹಾಕಿದ ತಗಡೇ ಗಂಡನ್ನ ಕೊಂದಿದ್ರೆ ಅಂತ ಭಯ. ಪಾಪ.” ಟೇಪು ಹರಿಯಿತು.

ಆ ದಿನದಿಂದ ನನಗೆ ಕತ್ತಲಕೋಣೆಯಲ್ಲಿ ಮೂರನೆಯವರೊಬ್ಬರು ಕೂತ ಹಾಗೆ. ನೂರ ಐವತ್ತು, ನೂರ ಎಪ್ಪತ್ತು, ನೂರ ತೊಂಬತ್ತು. ಅಕ್ಕ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಬೇಕೆಂದೇ ಒಂದೆರಡು ಸಲ ಬಿಸಿ ಕೈಯಿಂದ ತಗಡು ಹಿಡಿದೆ, ಮೀಟರು ತಪ್ಪಲಿ ಎಂದು. ಅಕ್ಕ ಎರಡು ಸಲವೂ ಹಿಡಿದರು. “ನನ್ನ ಕೆಲಸ ಉಳಿಸೋಕೆ ತಗಡಿನ ಹೊಟ್ಟೆಗೆ ಹೊಡೀಬೇಡ” ಎಂದರು. ಇನ್ನೂರನೆಯದು ಮುಗಿಯಿತು. ಸಾಹುಕಾರರು ನನ್ನ ಬೆನ್ನು ತಟ್ಟಿದರು. ಸೋಮವಾರದಿಂದ ಅಕ್ಕ ಪ್ಯಾಕಿಂಗಿಗೆ.

ಶನಿವಾರ ಊಟದ ಹೊತ್ತು ಮುಗಿದ ಮೇಲೆ (ಇದು ಮನುಷ್ಯರ ಊಟ) ಅಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವತ್ತು ಯಾವ ಕಣ್ಣಿಗೂ ಬಟ್ಟೆ ಇರಲಿಲ್ಲ. ಎರಡೂ ಕಣ್ಣನ್ನು ಒಟ್ಟಿಗೆ ನಾನು ನೋಡಿದ್ದು ಅದೇ ಮೊದಲು. ಅವರ ಮುಖ ಬೇರೆ ಯಾರದೋ ಅನ್ನಿಸಿತು. ಕೈಯಲ್ಲಿ ಆ ಗಂಟು.

“ಇದಕ್ಕೆ ಊಟ ಹಾಕು.”

ನಾನು ಎದ್ದು ನಿಂತೆ. “ಅಕ್ಕ, ನೀವೇ...”

“ನಾನು ನೋಡಲ್ಲ. ನನ್ನ ಕಣ್ಣು ಯಾವ ಪಕ್ಷ ವಹಿಸುತ್ತೋ ನನಗೇ ನಂಬಿಕೆ ಇಲ್ಲ. ನಿನ್ನ ಯಂತ್ರಕ್ಕೆ ಯಾರೂ ನೆಂಟರಿಲ್ಲವಲ್ಲ, ಅದು ಹೇಳಲಿ. ಅಂಚು ಹಿಡಿ.”

ಅಂಚು ಹಿಡಿದೆ. ಬಟ್ಟೆ ಬಿಚ್ಚಿ ದೀಪದ ಕೆಳಗೆ ಇಟ್ಟೆ. ಓಡುತ್ತಿರುವ ಮನುಷ್ಯನ ಚಿತ್ರ, ಕೆಳಗಡೆಗೆ ಬಾಣ. ಮೂಲೆಯಲ್ಲಿ ಗೋಡೆಯ ಸುಣ್ಣ ಇನ್ನೂ ಅಂಟಿತ್ತು. ಐದು ನಿಮಿಷ. ನಾಲ್ಕು ವರ್ಷದ ಹಸಿವಿಗೆ ಐದೇ ನಿಮಿಷದ ಊಟ. ಎತ್ತಿಕೊಂಡು ಕತ್ತಲಕೋಣೆಗೆ ಹೋಗಿ ಬಾಗಿಲು ಹಾಕಿದೆವು.

ಅಕ್ಕ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಬೆನ್ನು ಮಾಡಿ ಕೂತರು. ಕಪ್ಪು ಬಟ್ಟೆಯನ್ನು ಎರಡು ಕಣ್ಣಿಗೂ ಸುತ್ತಿಕೊಂಡರು. ಅರವತ್ತು ನಿಮಿಷದ ಮೇಲೂ ಗೊತ್ತಾದ ಅಂಕಿ ಬರಬೇಕು. ಅದು ಬಂದರೆ ತಗಡು ಪಾಸು.

“ನಡುವೆ ಓದಿ ಹೇಳ್ಬೇಡ. ಕೊನೇದೊಂದೇ ಸಾಕು” ಎಂದರು.

ಹತ್ತು ನಿಮಿಷಕ್ಕೆ ಮೀಟರು ಇಟ್ಟು ನೋಡಿದೆ. ಒಳ್ಳೆಯ ಅಂಕಿ. ಹೇಳಿಬಿಡೋಣ ಎನ್ನಿಸಿತು, ಹೇಳಲಿಲ್ಲ. ಇಪ್ಪತ್ತು ನಿಮಿಷಕ್ಕೆ ನನ್ನ ಕಣ್ಣು ಬಲಿತು, ಆ ಹಸಿರು ಬೆಳಕಿನಲ್ಲಿ ಅಕ್ಕನ ಬೆನ್ನು ಕಂಡಿತು, ಜಡೆ ಕಂಡಿತು, ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ ಕೈ ಕಂಡಿತು. ಓಡುವ ಮನುಷ್ಯ ಅವರ ಬೆನ್ನ ಹಿಂದೆ ಓಡುತ್ತಲೇ ಇದ್ದ.

“ಭಾವ ಮನೆಯಲ್ಲೂ ತುಂಬಾ ಮಾತಾಡ್ತಿದ್ರಾ?” ಎಂದೆ. ಸುಮ್ಮನಿರಲಾಗಲಿಲ್ಲ.

“ಅಯ್ಯೋ, ನಿಲ್ಲಿಸೋಕೆ ಗುಂಡಿಯೇ ಇರಲಿಲ್ಲ. ದಿನಾ ಯಾವ ಮಹಡಿಯಲ್ಲಿ ಯಾರು ಹತ್ತಿದ್ರು, ಯಾರು ಇಳಿದ್ರು, ಏನಂದ್ರು, ಎಲ್ಲ ಒಪ್ಪಿಸಬೇಕು. ನಾನು ಇಡೀ ದಿನ ಇಲ್ಲಿ ಸದ್ದಿಲ್ಲದೆ ಕೂತು ಹೋಗ್ತಿದ್ದೆ. ಮೊದಮೊದಲು ಅದು ಚೆನ್ನಾಗಿರ್ತಿತ್ತು. ಆಮೇಲೆ ಹೂಂ ಹೂಂ ಅಂತಿದ್ದೆ. ಹೂಂ ಅನ್ನೋಕೆ ಕೇಳಿಸ್ಕೋಬೇಕು ಅಂತೇನಿಲ್ಲವಲ್ಲ.”

ಅರವತ್ತು ನಿಮಿಷ. ಮೀಟರು ಇಟ್ಟೆ. ಖಾತ್ರಿಗೆ ಇನ್ನೊಂದು ಸಲ ಇಟ್ಟೆ. ಎರಡು ಸಲವೂ ಒಂದೇ ಅಂಕಿ. ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಇನ್ನೂರರಲ್ಲಿ ಇಷ್ಟು ಒಳ್ಳೆಯ ತಗಡು ನಾಲ್ಕೈದು ಇದ್ದಿರಬಹುದು.

“ಪಾಸು! ಅಕ್ಕ, ಪಾಸು! ನಿಮ್ಮ ತಗಡಲ್ಲಿ ಏನೂ ತಪ್ಪಿಲ್ಲ. ನಿಮ್ಮ ಕಣ್ಣಲ್ಲೂ ತಪ್ಪಿಲ್ಲ!”

ಪರೀಕ್ಷೆಯಲ್ಲಿ ಪಾಸಾದವನು ನಾನೇ ಅನ್ನುವ ಹಾಗೆ ಕೂಗಿದೆ. ಈಗ ಎದ್ದು ನಿಲ್ಲುತ್ತಾರೆ, ಅಳುತ್ತಾರೆ, ನಾಲ್ಕು ವರ್ಷದ ಭಾರ ಇಳಿಯುತ್ತದೆ, ಅದನ್ನು ಇಳಿಸಿದ ಪುಣ್ಯ ನನ್ನ ಮೀಟರಿಗೆ. ಅಷ್ಟು ಹೊತ್ತಿಗೆ ನಾನು ಮನಸ್ಸಿನಲ್ಲೇ ಇಷ್ಟೆಲ್ಲ ಬರೆದುಕೊಂಡಿದ್ದೆ.

ಅಕ್ಕ ಏಳಲಿಲ್ಲ. ನಿಧಾನವಾಗಿ ಕಣ್ಣಿನ ಬಟ್ಟೆ ಬಿಚ್ಚಿ ಮಡಚಿ ಮೊಣಕಾಲ ಮೇಲಿಟ್ಟುಕೊಂಡರು. ಕುರ್ಚಿ ತಿರುಗಿಸಿದರು. ತಗಡನ್ನು ಓರೆಗಣ್ಣಲ್ಲಿ ನೋಡಲಿಲ್ಲ, ನೇರ ನೋಡಿದರು.

“ಎಷ್ಟು ಚೆನ್ನಾಗಿ ಉರೀತಿದೆ ನೋಡು” ಎಂದರು. ಆಮೇಲೆ, “ಫೇಲ್ ಆಗಲಿ ಅಂತಿದ್ದೆ.”

ನನಗೆ ಅರ್ಥವಾಗಲಿಲ್ಲ. ಮೊದಲ ದಿನ ಬಾಗಿಲ ಹೊರಗೆ ನಿಂತವನ ಹಾಗೆಯೇ ನಿಂತಿದ್ದೆ.

“ಫೇಲ್ ಆಗಿದ್ರೆ ಪುಡಿ ಕೆಟ್ಟಿತ್ತು ಅನ್ಬಹುದಿತ್ತು. ನನ್ನ ಕಣ್ಣು ತಪ್ಪಿತ್ತು ಅನ್ಬಹುದಿತ್ತು. ಮೂವತ್ತು ವರ್ಷದಲ್ಲಿ ಒಂದು ಸಲ ಕಣ್ಣು ತಪ್ಪೋದು ದೊಡ್ಡದಲ್ಲ, ಹೇಗೋ ಸಹಿಸ್ಕೋತಿದ್ದೆ. ಇದು ಹಸಿದೇ ಸತ್ತಿದೆ. ಅಂದ್ರೆ ಆ ಬಲ್ಬು.”

“ಬಲ್ಬು ಹಾಕಿದ್ದು ಕಟ್ಟಡದೋರಲ್ವಾ ಅಕ್ಕ? ಅದರಲ್ಲಿ ನಿಮ್ದೇನು?”

“ಬಲ್ಬು ಹಾಕಿದ ದಿನವೇ ಬಂದು ಹೇಳಿದ್ರು. ಊಟಕ್ಕೆ ಕೂತಿದ್ವಿ. ‘ಮೆಟ್ಟಿಲಿಗೆ ಹೊಸ ದೀಪ ಹಾಕಿದಾರೆ ಕಣೇ, ಮನುಷ್ಯ ಬಂದ್ರೆ ಹತ್ತುತ್ತೆ, ಹೋದ್ರೆ ಆರುತ್ತೆ, ಏನು ಬುದ್ಧಿ ಅಂತೀಯ ಅದಕ್ಕೆ’ ಅಂದ್ರು. ಅಷ್ಟಕ್ಕೆ ಬಿಡಲಿಲ್ಲ. ‘ನಿನ್ನ ತಗಡಿಗೆ ಏನೂ ತೊಂದ್ರೆ ಇಲ್ಲ ತಾನೇ?’ ಅಂತ ಕೇಳಿದ್ರು.”

ತಗಡಿನ ಬಣ್ಣ ಹೋಗುತ್ತಿತ್ತು. ಹಸಿರು ಬೂದಿಯಾಗುತ್ತಿತ್ತು.

“ನೀವೇನಂದ್ರಿ?”

“ಹೂಂ ಅಂದೆ.”

ಇಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಊಟ ಎಂದರೆ ಏನು, ಹಸಿವು ಎಂದರೆ ಏನು ಎಂದು ಆ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದ ಹೆಂಗಸು, ಆ ಒಂದು ಮಾತಿಗೆ ಬೆಚ್ಚಿ ತಟ್ಟೆಯಿಂದ ಎದ್ದುಬಿಡಬೇಕಾದವರು. ನನಗೆ ಅದು ತಲೆಯೊಳಗೆ ಹೋಗಲೇ ಇಲ್ಲ. ಇವತ್ತಿಗೂ ಆ ಪ್ರಶ್ನೆಯನ್ನು ವಾಪಸ್ ತೆಗೆದುಕೊಳ್ಳುವ ದಾರಿ ಇದ್ದರೆ ನಡೆದುಕೊಂಡೇ ಹೋಗಿಬರುತ್ತೇನೆ. ಆದರೆ ಕೇಳಿದೆ.

“ಅದಕ್ಕೆ ಊಟ ಆಗಲ್ಲ ಅಂತ ನಿಮಗೆ ಗೊತ್ತಿತ್ತಲ್ಲ. ಯಾಕೆ ಹೇಳಲಿಲ್ಲ ಅಕ್ಕ?”

“ನಿದ್ದೆ ಬರ್ತಿತ್ತು.”